ಮಣ್ಣು ಮುಟ್ಟಿ ಹೇಳಿದ ಸುಳ್ಳು

ಘೋಣಸಗಿಯ ಶಿವಯೋಗೆಪ್ಪನಿಗೆ ಸಿಟ್ಟು ಮೂಗಿನ ತುದಿಯ ಮ್ಯಾಲೇ ಕೂತಿರುತ್ತಿತ್ತು. ಸಾಲಿ ಕಲಿತದ್ದು ನಾಕನೇ ಈಯತ್ತೆ. ಆದರ ದ್ರಾಕ್ಷಿ ತೋಟದ ವಿಷಯ ಬಂದರ ತಿಕೋಟಾ ಸುತ್ತಲಿನ ರೈತರು ಅವನನ್ನೇ ಕೇಳಲು ಬರುತ್ತಿದ್ದರು. ಐವತ್ತೆರಡು ವರ್ಷದಾಗ ಯಾರ ಮುಂದೆಯೂ ತಲಿ ತಗ್ಗಿಸಿಲ್ಲ, ತಗ್ಗಿಸುವಂಥ ಕೆಲಸ ಮಾಡಿಲ್ಲ ಅಂತ ತಾನೇ ಹೇಳಿಕೊಂಡು ತಿರುಗುತ್ತಿದ್ದ. ಈಗ ಆಮ್ರಪಾಲಿ ಅನ್ನುವ ಹೆಸರು ಕಿವಿಗೆ ಬಿದ್ದರ ಸಾಕು, ಮಾರಿ ಆ ಕಡೆ ತಿರುಗಿಸುತ್ತಾನ. ಆ ಹುಡುಗಿಯ ಕಥಿ ಹೇಳಬೇಕಂದರ ಅವನ ತಪ್ಪೂ ಹೇಳಲೇಬೇಕು.

ಆಮ್ರಪಾಲಿ ವಿಜಯಪುರದ ಜೋರಾಪುರ ಪೇಟೆಯಾಕಿ. ಅಪ್ಪ ಧರ್ಮರಾಜ ಬಸ್ ಡಿಪೋದಾಗ ಮೂವತ್ತು ವರ್ಷ ವೆಲ್ಡಿಂಗ್ ಮಾಡಿ ನಿವೃತ್ತನಾದವನು. ಅವ್ವ ನೀಲಾ ಸರಕಾರಿ ಸಾಲಿಯಾಗ ಬಿಸಿಯೂಟದ ಅಡಿಗಿ ಮಾಡುತ್ತಾಳ. ಹುಡುಗಿ ಸೂಟಿ ಬಿದ್ದಾಗೆಲ್ಲ ಕನಮಡಿಯ ಅಜ್ಜಿ ಪರಸವ್ವನ ಮನಿಗೆ ಹೋಗುತ್ತಿದ್ದಳು. ಆಕಿಗೆ ಹತ್ತು ವರ್ಷ ಇದ್ದಾಗ ಒಂದು ಮಧ್ಯಾಹ್ನ ನೆಲದ ಕೆಳಗ ಗುಡುಗಿದಂಥ ಸಪ್ಪಳಾಗಿ ಹಲಗಿ ಮ್ಯಾಲಿನ ಗಂಗಾಳಗಳು ಝಣಝಣ ಅಂದವು.

"ಭೂಮ್ತಾಯಿ ಮಗ್ಗಲಾ ಬದಲ ಮಾಡಿದಳು, ಅಂಜಬ್ಯಾಡ" ಅಂದಳು ಅಜ್ಜಿ.

"ಯಾ ಮಗ್ಗಲಿಗೆ, ಯಮ್ಮಾ?"

ಪರಸವ್ವನಿಗೆ ನಗು ಬಂತು. "ಅದನ್ನ ನಾ ಏನ ಹೇಳ್ಲಿ. ನೀ ಕಲ್ತು ಹೇಳ."

ಆ ಮಾತು ಹುಡುಗಿ ಬಿಡಲಿಲ್ಲ. ವಿಜ್ಞಾನ ಓದಿದಳು, ಕಂಪ್ಯೂಟರ್ ಕಲಿತಳು, ಈಗ ವಿಶ್ವವಿದ್ಯಾಲಯದಾಗ ಪಿಎಚ್.ಡಿ. ಮಾಡುತ್ತಿದ್ದಾಳ. ಈ ಭಾಗದಾಗ ಆಗಾಗ ಸಣ್ಣಗೆ ನಡುಗುವ ನೆಲ ಎಲ್ಲಿ ಎಷ್ಟು ಸರಿಯುತ್ತದ, ಯಾವ ಕಡೆ ಸರಿಯುತ್ತದ ಅನ್ನುವುದೇ ಆಕಿಯ ಅಭ್ಯಾಸ.

ಆಕಿ ಘೋಣಸಗಿಗೆ ಬಂದದ್ದು ಮಾರ್ಚ್ ತಿಂಗಳದಾಗ. ಶಿವಯೋಗೆಪ್ಪನ ಶೆಡ್ಡಿನಾಗ ಒಣದ್ರಾಕ್ಷಿ ಆರಿಸುವ ಕೆಲಸ ನಡೆದಿತ್ತು. ಜೊತಿಗೆ ಧರ್ಮರಾಜನೂ ಇದ್ದ. ಟೆಂಪೋದಾಗ ಅವನೇ ಬೆಸೆದು ಮಾಡಿದ ಮೂರು ಅಲ್ಯುಮಿನಿಯಂ ತಗಡಿನ ಒಂದು ಸಾಮಾನು ಇತ್ತು. ಮನಿಯ ಮೂಲಿ ಕಿತ್ತು, ಬಾಯಿ ಮ್ಯಾಲೆ ಮಾಡಿ ಇಟ್ಟಂಗ ಕಾಣುತ್ತಿತ್ತು.

"ಇದನ್ನ ನಿಮ್ಮ ಹೊಲದ ಮೂಲ್ಯಾಗ ಸಿಮಿಟ್ ಹಾಕಿ ನಿಲ್ಲಸ್ಬೇಕು ಕಾಕಾ" ಅಂದಳು. "ಹನ್ನೆರಡು ದಿನಕ್ಕೊಮ್ಮಿ ಒಂದು ಉಪಗ್ರಹ ಮ್ಯಾಲಿಂದ ಹಾದು ಹೋಕ್ಕೈತಿ. ಅದು ಕಳಸೋ ತರಂಗ ಈ ತಗಡಿಗೆ ಬಡದು ತಿರುಗಿ ಹೋಕ್ಕಾವು. ನೆಲ ಒಂದು ಬೆರಳಿನಷ್ಟು ಸರದ್ರೂ ಗೊತ್ತಾಕೈತಿ."

"ಬೆರಳಿನಷ್ಟ? ಅಲ್ಲಿಂದ ನಮ್ಮ ಊರರ ಕಾಣ್ತೈತೋ ಇಲ್ಲೋ."

"ನಿಮ್ಮ ಊರು ಕಾಣ್ತೈತ್ರಿ. ನಿಮ್ಮ ಸಿಟ್ಟು ಅಷ್ಟ ಕಾಣೂದಿಲ್ಲ" ಅಂದಳು ಕಾಳು ಆರಿಸುತ್ತ ಕೂತಿದ್ದ ಹುಲಿಗೆವ್ವ. ಹೆಂಗಸರೆಲ್ಲ ನಕ್ಕರು.

ಶಿವಯೋಗೆಪ್ಪನ ಹೊಲವೇ ಯಾಕ ಬೇಕಂದರ, ಅದು ಊರಿನ ಮಗ್ಗಲದ ಮಡ್ಡಿ, ಕೆಳಗ ಗಟ್ಟಿ ಕಲ್ಲು. ಎರಿ ಹೊಲದ ಕರಿ ಮಣ್ಣು ಮಳಿಗೆ ಉಬ್ಬಿ ಬ್ಯಾಸಗಿಗೆ ಇಳಿಯುತ್ತದ, ಅಲ್ಲಿಟ್ಟ ತಗಡಿನ ಮಾತು ನಂಬಲು ಬರುವುದಿಲ್ಲ. ಇಂಥವೇ ತಗಡು ತಿಕೋಟಾ, ಬಬಲೇಶ್ವರ, ಕನಮಡಿ ಕಡೆಯೂ ನಿಂತಿದ್ದವು.

ಕಂಪ್ಯೂಟರಿನ ಕೆಲಸ ಏನಂತ ಹುಲಿಗೆವ್ವ ಕೇಳಿದಾಗ ಆಮ್ರಪಾಲಿ ಆಕಿಯ ಮೊರದಿಂದಲೇ ಒಂದು ಹಿಡಿ ಒಣದ್ರಾಕ್ಷಿ ತಗೊಂಡಳು. "ನಿನಗ ಕಾಳು ಆರಸೋದು ಯಾರು ಕಲಿಸಿದ್ರು ಬೇ?"

"ಯಾರು ಕಲಸ್ತಾರ. ನೋಡಿ ನೋಡಿ ಕಣ್ಣಿಗೆ ಬಂತು."

"ಕಂಪ್ಯೂಟರಿಗೂ ಹಂಗ. ಸಾವಿರಗಟ್ಟಲೆ ಚಿತ್ರ ತೋರಸ್ತೇನಿ. ಇದು ಬೋರಿನ ನೀರು ಜಗ್ಗಿ ಇಳದ ನೆಲ, ಇದು ಮಳಿಗೆ ಉಬ್ಬಿದ ನೆಲ, ಇದು ನಡುಗಿ ಸರದ ನೆಲ ಅಂತ ಹೇಳಿಕೊಡ್ತೇನಿ. ಆಮ್ಯಾಲೆ ತಾನ ಆರಸ್ತೈತಿ."

"ಮತ್ತ ಕೂಲಿ?" ಅಂದಳು ಹುಲಿಗೆವ್ವ. ಆಮ್ರಪಾಲಿ ಆಕಿಗಿಂತ ಜೋರಾಗಿ ನಕ್ಕಳು.

ಅವತ್ತು ಊಟದ ಹೊತ್ತಿಗೆ ಶಿವಯೋಗೆಪ್ಪ ಧರ್ಮರಾಜನನ್ನ "ನೀವು ಯಾವ ಪೈಕಿ?" ಅಂತ ಕೇಳಿದ. "ನಾವು ಬೌದ್ಧರು" ಅಂದ ಅವನು, ಕೈಯಾಗಿನ ಸುತ್ತಿಗಿ ಕೆಳಗಿಡದೆ. ಅವನ ಹೆಂಡತಿ ಗುರುಬಸವ್ವ ಒಳಗ ಎರಡು ತಾಟು ಹಚ್ಚಿದ್ದಳು. ಗಂಡ ಪಡಸಾಲಿಯಾಗ ನಿಂತು "ಶೆಡ್ಡಿನ್ಯಾಗ ತಂಪ ಐತಿ, ಅಲ್ಲೇ ಕೊಡು" ಅಂದ. ಅಪ್ಪ ಮಗಳು ಶೆಡ್ಡಿನಾಗ ಕೂತು ಉಂಡರು. ಶಿವಯೋಗೆಪ್ಪನ ಮಗಳು ಕಾವ್ಯಾ ಡಿಗ್ರಿ ಓದುವಾಕಿ, ತನ್ನ ತಾಟು ತಗೊಂಡು ಹೋಗಿ ಅವರ ಬಾಜೂಕ ಕೂತಳು. ಶಿವಯೋಗೆಪ್ಪ ನೋಡಿ ಒಳಗ ಹೋದ. ಅವತ್ತು ಅದರಾಗ ನಾಚಿಕಿ ಪಡುವಂಥದ್ದೇನೂ ಅವನಿಗೆ ಕಾಣಲಿಲ್ಲ.

ಅಕ್ಟೋಬರದಾಗ ದ್ರಾಕ್ಷಿ ಬಳ್ಳಿಯ ಚಾಟನಿ ಆಯಿತು. ಬಳ್ಳಿ ಕತ್ತರಿಸಿದ ದಿನದಿಂದ ಇಂತಿಷ್ಟನೇ ದಿನಕ್ಕ ಇಂಥ ಔಷಧಿ ಅಂತ ರೈತ ಎಣಿಸುತ್ತಾನ. ಇಪ್ಪತ್ತೆಂಟನೇ ದಿನ ಮುಂಜಾನೆ ಮೋಡ ಕವಿಯಿತು. ಮಂಜು ಬಿದ್ದರ ಹೂವಿಗೆ ರೋಗ ಹತ್ತುತ್ತದ. ಶಿವಯೋಗೆಪ್ಪ ಔಷಧಿ ಹೊಡೆಯುವ ಬ್ಲೋವರನ್ನ ಟ್ರ್ಯಾಕ್ಟರಿಗೆ ಕಟ್ಟಿ ತಾನೇ ಹೊರಟ. ಅಷ್ಟರಾಗ ಔಷಧಿ ಅಂಗಡಿಯವನ ಫೋನ್ ಬಂತು, ಮುಂದಿನ ಸರ್ತಿಗೆ ಕೇಳಿದ ಔಷಧಿ ಬಂದಿಲ್ಲ, ಬ್ಯಾರೇದು ಕಳಸ್ಲೇನ್ರಿ ಅಂತ. ಒಂದು ಕೈಯಾಗ ಸ್ಟೇರಿಂಗ್, ಇನ್ನೊಂದು ಕೈಯಾಗ ಫೋನ್, ಬಾಯಾಗ ಬೈಗುಳ. ಹೊಲದ ಮೂಲಿಗೆ ಹೊಳ್ಳಿಸುವಾಗ ಬ್ಲೋವರಿನ ಗಾಲಿ ತಗಡಿಗೆ ಬಡಿಯಿತು.

ತಗಡು ಬುಡಸಮೇತ ವಾಲಿತ್ತು. ಅಕ್ಕಪಕ್ಕ ಯಾರೂ ಇರಲಿಲ್ಲ. ಔಷಧಿ ಮುಗಿಸಿ ಬಂದವನು ಕಬ್ಬಿಣದ ಹಾರಿ ಹಾಕಿ ಮೀಟಿ ಎತ್ತಿದ, ಹೊಸ ಸಿಮಿಟ್ ಹಾಕಿದ, ಮನಿ ಕಟ್ಟುವ ಗವಂಡಿಯವರ ರಸಮಟ್ಟ ತಂದು ಇಟ್ಟು ನೋಡಿದ. ಮೊದಲಿನ ಜಾಗಾದಿಂದ ನಾಕು ಬೆರಳು ಆಚೆ ಬಂದಿತ್ತು, ಅಷ್ಟೇ. ನೆಟ್ಟಗ ನಿಂತಿತ್ತು. "ಮದಲಿಗಿಂತ ಚೊಕ್ಕ ಆತು" ಅಂದುಕೊಂಡ. ಆಕಾಶದಾಗಿಂದ ನೋಡುವ ಸಾಮಾನಿಗೆ ನಾಕು ಬೆರಳು ಯಾವ ಲೆಕ್ಕ? ಬೆರಳಿನಷ್ಟು ಸರಿದರೂ ಗೊತ್ತಾಗುತ್ತದ ಅಂತ ಹುಡುಗಿ ಹೇಳಿದ್ದು ನೆನಪಿತ್ತು, ಆದರ ಓದಿದವರು ದೊಡ್ಡದು ಮಾಡಿ ಹೇಳೋದು ಇದ್ದದ್ದೇ ಅಂತ ತನಗ ತಾನೇ ಸಮಾಧಾನ ಹೇಳಿಕೊಂಡ. ಇಲ್ಲಿ ತನಕ ಆಗಿದ್ದು ಕೈ ತಪ್ಪಿ ಆದ ತಪ್ಪು. ಯಾರ ಕೈಲೂ ಆಗುವಂಥದ್ದು.

ಅದಾಗಿ ಎರಡು ದಿನಕ್ಕ ಹೊತ್ತು ಇಳಿಯುವಾಗ ನೆಲ ಖರೇನೇ ಒಮ್ಮೆ ಗುಡುಗುಡು ಅಂತು. ಕಿಡಕಿ ಬಡಿದವು, ನಾಯಿ ಬೊಗಳಿದವು, ಮಂದಿ ಹೊರಗ ಬಂದು ನಿಂತು ಮತ್ತ ಒಳಗ ಹೋದರು.

ಡಿಸೆಂಬರದಾಗ ಆಮ್ರಪಾಲಿ ಒಬ್ಬಳೇ ಬಂದಳು. ಅವತ್ತು ದೊಡ್ಡ ಮಗ ಸಂಗುನ ಮಾವನ ಮನಿಯ ಬೀಗರು ಬಬಲೇಶ್ವರದಿಂದ ಬಂದು ಕಟ್ಟಿಯ ಮ್ಯಾಲೆ ಕೂತಿದ್ದರು. ಹುಡುಗಿ ಎಲ್ಲಾರಿಗೂ ಕೈ ಮುಗಿದು, ನಿಂತುಕೊಂಡೇ ಕೇಳಿದಳು.

"ಕಾಕಾ, ಬ್ಯಾರೆ ಊರಿನ ತಗಡೆಲ್ಲ ಇದ್ದಲ್ಲೇ ಅದಾವ. ನಿಮ್ಮದಷ್ಟ ಸರಿದೈತಿ. ಯಾರರ ಮುಟ್ಟಿದ್ರೇನು? ದನ ತಿಕ್ಕಿತೇನು, ಏನರ ಬಡೀತೇನು?"

ನ್ಯಾಯವಾಗಿ ಕೇಳಿದ ಮಾತು. ಹೌದು ಬಾಯೀ, ನನ್ನ ಟ್ರ್ಯಾಕ್ಟರು ಬಡೀತು ಅಂದಿದ್ದರ ಅಲ್ಲಿಗೇ ಮುಗಿಯುತ್ತಿತ್ತು. ಆದರ ಬೀಗರ ಮುಂದ, ಅದೂ ಯಾರನ್ನ ತಾನು ಶೆಡ್ಡಿನಾಗ ಕೂಡಿಸಿ ಊಟ ಹಾಕಿದ್ದನೋ ಆ ಮನಿಯ ಹುಡುಗಿ ಬಂದು ತನ್ನನ್ನ ನಿಲ್ಲಿಸಿ ಕೇಳುತ್ತಿದ್ದಾಳ ಅನ್ನುವುದು ಶಿವಯೋಗೆಪ್ಪನ ತಲಿಗೆ ಏರಿತು.

"ಜಾಗಾ ಕೊಟ್ಟಿದ್ದಕ್ಕ ಕಳ್ಳನ್ನ ಮಾಡಾಕ ಬಂದೀಯೇನು?"

"ಹಂಗಲ್ರಿ ಕಾಕಾ, ಅಳತಿ ಸಲುವಾಗಿ…"

"ಮುಟ್ಟಿಲ್ಲ ಅಂದ್ರ ಮುಟ್ಟಿಲ್ಲ." ಕಟ್ಟಿಯಿಂದ ಇಳಿದ. ತೋಟದ ಅಂಚಿನಿಂದ ಒಂದು ಹಿಡಿ ಮಣ್ಣು ಎತ್ತಿ ಆಕಿಯ ಮಾರಿ ಮುಂದ ಹಿಡಿದ. "ಈ ಮಣ್ಣ ಆಣಿ. ಆ ತಗಡಿನ ಮ್ಯಾಲೆ ಒಂದು ಕೈ ಬಿದ್ದಿಲ್ಲ. ಸಾಕೋ ಇನ್ನೂ ಬೇಕೋ?"

ಮಣ್ಣು ಹಿಡಿದು ಹೇಳಿದ ಮ್ಯಾಲೆ ಈ ಸೀಮಿಯಾಗ ಯಾರೂ ಮುಂದ ಕೇಳುವುದಿಲ್ಲ. ಬದುವಿನ ಜಗಳ, ಬಾವಿಯ ಪಾಳಿ, ಎಂಥೆಂಥ ತಂಟೆಗಳು ಒಂದು ಹಿಡಿ ಮಣ್ಣಿಗೆ ನಿಂತಿವೆ. ಉಣ್ಣುವ ಅನ್ನದ ಮ್ಯಾಲೆ ಯಾರು ಸುಳ್ಳು ಹೇಳುತ್ತಾರ ಅಂತ ನಂಬಿಕಿ. ಹುಡುಗಿ ಆ ಮಣ್ಣು ನೋಡಿದಳು, ಎರಡು ಹೆಜ್ಜಿ ಹಿಂದ ಸರಿದಳು. "ತಪ್ಪಾತ್ರಿ ಕಾಕಾ" ಅಂದಳು. ತಗಡಿನ ಬುಡಕ್ಕ ಹೋಗಿ ನೋಡಲೂ ಇಲ್ಲ. ನೋಡಿದರ ಆಣಿ ನಂಬಲಿಲ್ಲ ಅಂದಂಗ ಆಗುತ್ತಿತ್ತು.

ಬೀಗರು "ಏನ ಹುಡುಗಿ, ಏನ ಧೈರ್ಯ" ಅಂದರು. ಶಿವಯೋಗೆಪ್ಪ ಕೈ ಝಾಡಿಸಿ ನಕ್ಕ.

ಜನವರಿಯಾಗ ಸುದ್ದಿ ಆಯಿತು. ಆಮ್ರಪಾಲಿ ವಿಶ್ವವಿದ್ಯಾಲಯದ ಒಂದು ಸಭೆಯಾಗ ತನ್ನ ಅಭ್ಯಾಸ ಹೇಳಿದ್ದಳು. ಘೋಣಸಗಿ ಹತ್ತಿರ ನೆಲ ಸರಿದಂಗ ಕಾಣುತ್ತದ, ಇನ್ನೂ ನೋಡಬೇಕು ಅಂತ ಅಷ್ಟೇ ಆಕಿ ಹೇಳಿದ್ದು. ಯಾವುದೋ ಪೇಪರಿನವನು "ಘೋಣಸಗಿ ಬುಡದಲ್ಲಿ ಬಿರುಕು" ಅಂತ ದೊಡ್ಡ ಅಕ್ಷರದಾಗ ಹಾಕಿದ. ಊರ ಮಂದಿ ಹಾಸಿಗಿ ಕಟ್ಟಿಕೊಂಡು ಹೊಲಕ್ಕ ನಡೆದರು. ಮಣ್ಣಿನ ಮನಿಯವರಂತೂ ಒಲಿ ಸಹಿತ ಹೊರಗ ಹೂಡಿದರು. ಹುಲಿಗೆವ್ವನ ಸೊಸಿ ಒಂದೂವರಿ ತಿಂಗಳ ಕೂಸು ಕಟ್ಟಿಕೊಂಡು ಚಳಿಯಾಗ ದ್ರಾಕ್ಷಿ ಶೆಡ್ಡಿಗೆ ಬಂದು ಬಿದ್ದಳು.

ಹದಿನೈದು ದಿನದ ಮ್ಯಾಲೆ ಕಾಲೇಜಿನಿಂದ ಮನಿಗೆ ಬಂದ ಕಾವ್ಯಾಗೆ ಮಾತ್ರ ಹೆಮ್ಮಿ. "ಅಕ್ಕ ಹುಡುಕಿದಳು ನೋಡ, ಅಪ್ಪಾ" ಅಂತ ಪೇಪರ್ ಹಿಡಿದು ತಗಡಿನ ಫೋಟೋ ತೆಗೆಯಲು ತೋಟದ ಮೂಲಿಗೆ ಓಡಿದಳು. ಹೊಳ್ಳಿ ಬರುವಾಗ ನಡಿಗಿ ನಿಧಾನ ಇತ್ತು.

"ಅಪ್ಪಾ, ಅದರ ಬುಡದಾಗ ಹೊಸಾ ಸಿಮಿಟ್ ಐತಿ."

ಶಿವಯೋಗೆಪ್ಪ ಕೇಳಿಸದಂಗ ಕೂತ.

"ಅಪ್ಪಾ, ನೀ ಆಣಿ ಮಾಡಿದಿ."

ಬ್ಯಾರೆ ದಿನ ಆಗಿದ್ದರ ಎದ್ದು ಒಂದು ಬಿಗಿಯುತ್ತಿದ್ದನೋ ಏನೋ. ಅವತ್ತು ಸಿಟ್ಟು ಬಂತು, ಆದರ ಯಾರ ಮ್ಯಾಲೆ ಅಂತ ತಿಳಿಯಲಿಲ್ಲ. ಶೆಡ್ಡಿನ ಕಡೆಯಿಂದ ಕೂಸು ಕೆಮ್ಮುವುದು ಕೇಳಿಸುತ್ತಿತ್ತು. ಗುರುಬಸವ್ವ ಬಾಗಿಲದಾಗ ನಿಂತು ಎಲ್ಲಾ ಕೇಳಿದ್ದಳು. "ಇಪ್ಪತ್ತೆಂಟು ವರ್ಷ ನಿಮ್ಮ ಬಾಯಿಗೆ ಅಂಜಿ ಬಾಳೇವಿ" ಅಂದಳು. "ಬಾಯಿ ಹೊಲಸಾದ್ರೂ ಮಾತು ಖರೇ ಅಂತ ನಂಬಿದ್ನಿ." ಅಷ್ಟು ಹೇಳಿ ಒಳಗ ಹೋದಳು. ಅದಕ್ಕಿಂತ ನಾಕು ಮಂದಿ ಹಿಡಿದು ಹೊಡೆದಿದ್ದರ ಹಗುರ ಇರುತ್ತಿತ್ತು.

ಮರುದಿನ ಅವನು ಬಸ್ ಹತ್ತಿ ವಿಜಯಪುರಕ್ಕ ಹೋದ. ಜೋರಾಪುರ ಪೇಟೆಯಾಗ ಧರ್ಮರಾಜನ ಮನಿ ಕೇಳುತ್ತ ಹೋಗುವಾಗ, ಹತ್ತು ತಿಂಗಳಾದರೂ ಆ ಹುಡುಗಿಯ ಓಣಿ ಯಾವುದು ಅಂತ ತಾನು ಕೇಳಿಲ್ಲ ಅನ್ನುವುದು ಹೊಳೆಯಿತು. ನೀಲಾ "ಬರ್ರಿ, ಒಳಗ ಬರ್ರಿ" ಅಂತ ಕುರ್ಚಿ ಹಾಕಿದಳು. ಧರ್ಮರಾಜ ಚಹಾ ತರಿಸಿ ಕೈಗೆ ಕೊಟ್ಟ. ಶಿವಯೋಗೆಪ್ಪನಿಗೆ ಆ ಕುರ್ಚಿ ಮ್ಯಾಲೆ ಕೂಡಲು ಬರಲಿಲ್ಲ. ನಿಂತೇ ಹೇಳಿದ, ಬ್ಲೋವರಿನಿಂದ ಹಿಡಿದು ಬೀಗರ ತನಕ, ಒಂದೂ ಬಿಡದೆ.

ಧರ್ಮರಾಜ ಕೇಳಿದ್ದು ಒಂದೇ: "ಬೆಸುಗಿ ಬಿಟ್ಟಿತೇನ್ರಿ?"

"ಇಲ್ಲ. ನಿಮ್ಮ ಬೆಸುಗಿ ಹಂಗ ಐತಿ. ಬುಡಾ ಕಿತ್ತಿತ್ತು."

"ಹ್ಞೂಂ" ಅಂದ ಧರ್ಮರಾಜ, ಮಗಳ ಕಡೆ ನೋಡುತ್ತ.

ಆಮ್ರಪಾಲಿ ಅಳಲಿಲ್ಲ, ಬೈಯಲಿಲ್ಲ. ಒಂದು ವಹಿ ತಗೊಂಡು ಬಂದು ಎದುರಿಗೆ ಕೂತಳು.

"ಯಾ ತಾರೀಖು ಬಡೀತು?"

"ತಾರೀಖು ಗೊತ್ತಿಲ್ಲ. ಚಾಟನಿ ಆಗಿ ಇಪ್ಪತ್ತೆಂಟನೇ ದಿನ."

"ಚಾಟನಿ ಯಾವಾಗ?"

"ಅಕ್ಟೋಬರ್ ಹದಿನಾಕು."

ಆಕಿ ಬೆರಳು ಮಡಚಿ ಎಣಿಸಿದಳು. "ನವೆಂಬರ್ ಹನ್ನೊಂದು. ಹದಿಮೂರಕ್ಕ ನೆಲ ನಡುಗೈತಿ. ಉಪಗ್ರಹ ಹಾದದ್ದು ಆರಕ್ಕ, ಮತ್ತ ಹದಿನೆಂಟಕ್ಕ." ಪೆನ್ನು ಕೆಳಗಿಟ್ಟಳು. "ಅದಕ್ಕ ಎರಡೂ ಒಂದ ಅಂತ ತಿಳಕೊಂಡ್ನಿ. ಕಂಪ್ಯೂಟರಿಗೂ ಹಂಗ ಕಲಿಸಿದ್ನಿ. ನಿಮ್ಮ ಟ್ರ್ಯಾಕ್ಟರ್ ಬಡದದ್ದನ್ನ ತೋರಿಸಿ, ನೆಲ ಸರದ್ರ ಹಿಂಗಿರತೈತಿ ಅಂತ ಹೇಳಿಕೊಟ್ಟೇನಿ. ಅದು ಅಂಥಾವು ಮತ್ತ ಆರು ಜಾಗಾ ಹುಡುಕಿ ಕೊಟ್ಟೈತಿ."

"ಮತ್ತೊಮ್ಮಿ ಅಳತಿ ಮಾಡಾಕ ಬರತಿದ್ದಿಲ್ಲೇನು?" ಅಂದ ಶಿವಯೋಗೆಪ್ಪ. ಕೇಳಿದ ಮ್ಯಾಲೆ ನಾಲಿಗಿ ಕಚ್ಚಿಕೊಂಡ.

"ಬರತಿತ್ತು. ಹೈದರಾಬಾದಿನಿಂದ ಮಶೀನ್ ತರಸ್ಬೇಕಿತ್ತು. ಚೀಟಿ ಬರದು ಇಟ್ಟಿದ್ನಿ. ನೀವು ಮಣ್ಣು ಹಿಡಿದ್ರಿ, ಹರದು ಒಗದ್ನಿ." ಆಕಿ ತಲಿ ತಗ್ಗಿಸಿದಳು. "ನಿಮಗ ನಾಚಿಕಿ ಆಗೈತಿ ಖರೆ ಕಾಕಾ. ನನಗ ನಿಮಗಿಂತ ಹೆಚ್ಚು ಆಗೈತಿ. ಎಂಟು ವರ್ಷ ವಿಜ್ಞಾನ ಓದಿ ಒಂದು ಹಿಡಿ ಮಣ್ಣ ನಂಬಿದ್ನಿ. ಇದನ್ನ ಎಲ್ಲಿ ಬರೀಲಿ?"

ಅಲ್ಲಿಂದ ವಿಶ್ವವಿದ್ಯಾಲಯಕ್ಕ ಹೋದರು. ಆಕಿಯ ಗೈಡ್ ಸಣ್ಣ ಧ್ವನಿಯ ಮನುಷ್ಯ. ಎಲ್ಲಾ ಕೇಳಿಕೊಂಡು ಆಕಿಗೆ ಒಂದೇ ಮಾತು ಕೇಳಿದರು: "ಬುಡ ನೋಡಲಿಲ್ಲ ನೀನು?"

"ಇಲ್ಲ ಸರ್."

"ಯಾಕೆ?"

ಆಕಿ ಶಿವಯೋಗೆಪ್ಪನ ಕಡೆ ನೋಡಲಿಲ್ಲ. "ನೋಡಬೇಕಿತ್ತು ಸರ್. ನನ್ನ ತಪ್ಪು."

"ಆಕೀದಲ್ರೀ ತಪ್ಪು, ನಂದು" ಅಂತ ಶಿವಯೋಗೆಪ್ಪ ನಡುವೆ ಬಾಯಿ ಹಾಕಿದ. "ನಿಮ್ಮದು ನೀವು ಬರೆದು ಕೊಡಿ, ಇದು ಆಕೆಯದು" ಅಂದರು ಗೈಡ್. ಒಂದು ಹಾಳಿ ಕೊಟ್ಟರು. ಪರೀಕ್ಷೆಗೆ ಕೂತ ಸಾಲಿ ಹುಡುಗನಂಗ ಮೂಲಿಯ ಬೆಂಚಿನ ಮ್ಯಾಲೆ ಕೂತು, ನಾಕನೇ ಈಯತ್ತೆಯ ಅಕ್ಷರದಾಗ, "ತಗಡಿಗೆ ಟ್ರ್ಯಾಕ್ಟರ ಬಡಸಿದ್ದು ನಾನ. ಸುಳ್ಳ ಆಣಿ ಮಾಡಿದ್ದು ನಾನ" ಅಂತ ಬರೆಯಲು ಅವನಿಗೆ ಅರ್ಧ ತಾಸು ಹಿಡಿಯಿತು. ಆ ಕೆಲಸ ಎಲ್ಲಾ ಹೊಸದಾಗಿ ಮಾಡಬೇಕು, ಒಂದು ವರ್ಷ ಹೋಯಿತು ಅಂತ ಅವರಿಬ್ಬರು ಮಾತಾಡಿಕೊಳ್ಳುವುದು ಕಿವಿಗೆ ಬೀಳುತ್ತಿತ್ತು.

ಹೊರಗ ಬಂದಾಗ ಕೇಳಿದ, "ಇನ್ನೇನು ಮಾಡ್ಲಿ ಬಾಯೀ?"

"ನನ್ನ ವರ್ಷ ಹೋಗ್ಲಿ, ಅದನ್ನ ನಾ ದುಡಿದು ತಗೋತೇನಿ" ಅಂದಳು ಆಮ್ರಪಾಲಿ. "ಆದ್ರ ಊರ ಮಂದಿ ಚಳ್ಯಾಗ ಬಿದ್ದಾರ. ಅವರಿಗೆ ನಾ ಹೇಳಿದ್ರ, ಅವತ್ತು ಹಂಗಂದಿ ಇವತ್ತು ಹಿಂಗಂತಿ ಅಂತಾರ. ನಾಳೆ ಖರೇನ ಏನರ ಕಂಡು ಎಚ್ಚರಿಸಾಕ ಬಂದ್ರ ನನ್ನ ಮಾತು ಯಾರು ಕೇಳ್ತಾರ? ಅದಷ್ಟ ನನಗ ಸುಟ್ಟಂಗ ಆಗಾಕತ್ತೈತಿ."

ಆ ಸಂಜೀನೇ ಶಿವಯೋಗೆಪ್ಪ ಹಣಮಪ್ಪನ ಗುಡಿಯ ಕಟ್ಟಿಗೆ ಮಂದಿ ಕೂಡಿಸಿದ. ತಾನು ಯಾವಾಗಲೂ ಕಟ್ಟಿಯ ಮ್ಯಾಲೆ ಕೂತು ನ್ಯಾಯ ಹೇಳುವವನು. ಅವತ್ತು ಕೆಳಗ ನಿಂತ. ಹೇಳಿದ.

ಹುಲಿಗೆವ್ವ ಸೆರಗು ಸೊಂಟಕ್ಕ ಸಿಕ್ಕಿಸಿದಳು. "ಅಂದ್ರ ಸಾವ್ಕಾರ, ಹದಿನಾರು ದಿನಾ ಭೂಮ್ತಾಯಿಗೆ ಅಂಜಿ ಹೊರಗ ಬಿದ್ದಿದ್ದಿಲ್ಲ ನಾವು. ನಿಮ್ಮ ಬ್ಲೋವರಿಗೆ ಅಂಜಿ ಬಿದ್ದಿದ್ವಿ."

ನಗು ಎದ್ದಿತು. ಆ ನಗುವಿನಾಗ ಸಿಟ್ಟೂ ಇತ್ತು. ದಾದಾಸಾಬ ಅನ್ನುವ ಮುದುಕ ಬಡಿಗಿ ಊರಿ ಎದ್ದ. "ನಿನ್ನ ಅಪ್ಪ ಮಣ್ಣು ಹಿಡಿದು ನಮ್ಮ ಬದುವಿನ ಜಗಳ ಬಿಡಿಸಿದ್ದ" ಅಂದ. "ಇನ್ನ ಮುಂದ ಈ ಊರಾಗ ಯಾರರ ಮಣ್ಣು ಹಿಡಿದ್ರ, ನಾವು ನಂಬಬೇಕೋ ನಗಬೇಕೋ, ನೀನ ಹೇಳು."

ಶಿವಯೋಗೆಪ್ಪ ಸಿಟ್ಟು ನುಂಗಿದ. "ನನಗ ನಗ್ರಿ" ಅಂದ. "ಆ ಹುಡುಗಿಗೆ ನಗಬ್ಯಾಡ್ರಿ. ಆಕಿ ಸುಳ್ಳು ಹೇಳಿಲ್ಲ. ನಾಳೆ ಬಂದು ಏನರ ಹೇಳಿದ್ರ ಕೇಳ್ರಿ. ಕೈ ಮುಗೀತೇನಿ." ಮಂದಿ ಹಾಸಿಗಿ ಸುತ್ತಿಕೊಂಡು ಮನಿಗೆ ಹೊರಟರು. ಅವನ ಮಗ್ಗಲಿಂದಲೇ ಹಾದು ಹೋದರು.

ಫೆಬ್ರವರಿಯಾಗ ಆಮ್ರಪಾಲಿ, ಧರ್ಮರಾಜ ತಗಡು ಕೀಳಲು ಬಂದರು. ಅದನ್ನ ಹುಲಿಗೆವ್ವನ ಹೊಲಕ್ಕ ಒಯ್ಯುವುದು ಅಂತ ಠರಾವಾಗಿತ್ತು. ಆಕಿಯ ಎರಡು ಎಕರೆಯೂ ಅದೇ ಮಡ್ಡಿಯ ಮ್ಯಾಲೆ ಇತ್ತು. ಶಿವಯೋಗೆಪ್ಪ ದೂರ ನಿಂತು ನೋಡಿದ. ತನ್ನ ಹೊಲದಾಗೇ ಇರಲಿ ಅಂತ ಕೇಳಲು ನಾಲಿಗಿ ಏಳಲಿಲ್ಲ. ಗುರುಬಸವ್ವ ಯಾರ ಅಪ್ಪಣಿಯನ್ನೂ ಕೇಳದೆ ಇಬ್ಬರನ್ನೂ ನಡುಮನಿಗೆ ಕರೆದು ಊಟಕ್ಕ ಹಾಕಿದಳು. ಅವನು ಪಡಸಾಲಿಯಾಗ ಕೂತಿದ್ದ, ಬಾ ಅಂತ ಅವನನ್ನ ಯಾರೂ ಕರೆಯಲಿಲ್ಲ.

ಊಟ ಆದ ಮ್ಯಾಲೆ ಮಗಳ ಕೈಲೆ ಹೇಳಿ ಕಳಿಸಿದ, ಸಿಮಿಟ್ ಚೀಲ, ಕಡಿ, ಉಸುಕು ನನ್ನ ಟ್ರ್ಯಾಕ್ಟರಿನಾಗ ಮುಟ್ಟಿಸ್ಲೇನು ಅಂತ. ಕಾವ್ಯಾ ಹೋಗಿ ಹೊಳ್ಳಿ ಬಂದಳು. ಮಾರಿಯ ಮ್ಯಾಲೆ ನಗು ತಡೆದು ಹಿಡಿದಿದ್ದಳು.

"ಅಕ್ಕ ಅಂದಳು, ಟ್ರ್ಯಾಕ್ಟರ್ ಹತ್ರ ಸುಳಿಬಾರದಂತ. ಕಾಕಾ ಬೇಕಾದ್ರ ಬರಲಂತ."

ಶಿವಯೋಗೆಪ್ಪ ಎದ್ದ. ಐವತ್ತು ಕಿಲೋದ ಸಿಮಿಟ್ ಚೀಲ ಹೆಗಲಿಗೆ ಏರಿಸಿದ. ಹುಲಿಗೆವ್ವನ ಹೊಲಕ್ಕ ಹೋಗುವ ದಾರಿ ಊರ ನಟ್ಟನಡುವೆ ಹಾದು ಹೋಗುತ್ತದ. ಕಟ್ಟಿಯ ಮ್ಯಾಲೆ ಕೂತ ಮಂದಿ ಹೊಳ್ಳಿ ನೋಡಿದರು.

"ಏನ್ರೀ ಸಾವ್ಕಾರ, ಆಳು ಸಿಗಲಿಲ್ಲೇನು?" ಅಂತ ಒಬ್ಬ ಕೇಳಿದ.

"ಕೆಡಿಸಿದವ ನಾನ" ಅಂದ ಶಿವಯೋಗೆಪ್ಪ, ತಲಿ ಎತ್ತದೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ತೆರಪು ಇರಲಿಲ್ಲ. ಹೊರಬೇಕಾದ ಚೀಲ ಇನ್ನೂ ಮೂರು ಇದ್ದವು.